ಓದುಗರ ಪ್ರಶ್ನೆ–ಉತ್ತರ: ಮಕ್ಕಳ ಚಿಕಿತ್ಸೆಯಲ್ಲಿ ತಪ್ಪು, ದಾಖಲೆ, ಕಾನೂನು

ಈ ಸಂಚಿಕೆಯ ಪ್ರಶ್ನೆಗಳು ಕೊಡಗಿನ ಮಕ್ಕಳ ವೈದ್ಯರು, ನರ್ಸಿಂಗ್ ಹೋಂ ನಡೆಸುವವರು ಮತ್ತು ಒಬ್ಬ ತಾಯಿಯಿಂದ ಬಂದಿವೆ. ಕೇಳಿದವರ ಹೆಸರು ಬಿಟ್ಟು ಊರನ್ನು ಮಾತ್ರ ಕೊಟ್ಟಿದ್ದೇವೆ. ಮಗುವಿನ ಜೀವ ಉಳಿಸುವ ಕೆಲಸ ಬೇರೆ, ವೈದ್ಯರು ಕೇಸಿನಿಂದ ಉಳಿಯುವ ಕೆಲಸ ಬೇರೆ ಎಂದು ನಾವು ನೋಡುವುದಿಲ್ಲ. ಮೊದಲನೆಯದನ್ನು ಕ್ರಮವಾಗಿ ಮಾಡಿ ಬರೆದಿಟ್ಟರೆ ಎರಡನೆಯದರ ಬಹುಪಾಲು ಅಲ್ಲೇ ಆಗಿರುತ್ತದೆ.

ಗೋಣಿಕೊಪ್ಪಲು: ಕಾಫಿ ಕೊಯ್ಲಿನ ಕಾಲದಲ್ಲಿ ಮಗುವನ್ನು ಅಜ್ಜಿ, ಇಲ್ಲವೇ ಪಕ್ಕದ ಲೈನ್‌ಮನೆಯವರು (ತೋಟದ ಕಾರ್ಮಿಕರ ಸಾಲುಮನೆಯವರು) ಕರೆತರುತ್ತಾರೆ. ತಂದೆ ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇರುತ್ತಾರೆ. ಹೊಲಿಗೆ ಹಾಕಬೇಕು, ಬೆನ್ನುಹುರಿಯ ನೀರು ತೆಗೆಯಬೇಕು ಎಂದಾಗ ಯಾರ ಸಹಿ ಪಡೆಯಬೇಕು?

ಮಗುವಿಗೆ 12 ವರ್ಷ ತುಂಬಿಲ್ಲದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 27ನೇ ಕಲಂ (ಹಿಂದಿನ ಐಪಿಸಿ 89) ಪೋಷಕರ ಒಪ್ಪಿಗೆಯ ಜೊತೆಗೆ ‘ಮಗುವನ್ನು ಕಾನೂನುಬದ್ಧವಾಗಿ ನೋಡಿಕೊಳ್ಳುತ್ತಿರುವ ಇತರ ವ್ಯಕ್ತಿ’ಯ ಒಪ್ಪಿಗೆಯನ್ನೂ ಮಾನ್ಯ ಮಾಡುತ್ತದೆ. ಅಪ್ಪ ಅಮ್ಮ ಮಗುವನ್ನು ಅಜ್ಜಿಯ ಬಳಿ ಬಿಟ್ಟು ಹೋಗಿದ್ದರೆ ಸಾಮಾನ್ಯ ಪರೀಕ್ಷೆಗೆ, ಔಷಧಕ್ಕೆ, ಸಣ್ಣ ಹೊಲಿಗೆಗೆ ಅವರ ಒಪ್ಪಿಗೆ ಸಾಕು. ಪಕ್ಕದ ಲೈನ್‌ಮನೆಯವರು ಬರೀ ಕರೆತಂದವರು. ಅವರ ಸಹಿಯನ್ನು ಒಪ್ಪಿಗೆ ಎಂದು ಬರೆಯಬೇಡಿ, ‘ಕರೆತಂದವರು’ ಎಂದೇ ದಾಖಲಿಸಿ.

ಬೆನ್ನುಹುರಿಯ ಪರೀಕ್ಷೆ, ಅರಿವಳಿಕೆ, ರಕ್ತ ಕೊಡುವುದು ಮುಂತಾದವುಗಳಿಗೆ ತಂದೆ ಅಥವಾ ತಾಯಿಗೆ ಫೋನ್ ಮಾಡಿ. ಸ್ಪೀಕರ್ ಹಾಕಿ, ಸಿಸ್ಟರ್ ಒಬ್ಬರು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಲಿ. ಕರೆ ಮಾಡಿದ ಸಮಯ, ನಂಬರ್, ಹೇಳಿದ ವಿಷಯ, ಅವರು ಕೊಟ್ಟ ಉತ್ತರವನ್ನು ಬರೆದು ಇಬ್ಬರೂ ಸಹಿ ಮಾಡಿ. ‘ಒಪ್ಪಿಗೆ ಇದೆ’ ಎಂಬ ಒಂದು ಸಾಲಿನ ಸಂದೇಶ ತರಿಸಿಕೊಂಡರೆ ಇನ್ನೂ ಒಳ್ಳೆಯದು. ಜೀವಕ್ಕೆ ಅಪಾಯವಿದ್ದು ಯಾರೂ ಸಿಗದಿದ್ದರೆ ಕಾಯಬೇಡಿ. ಅದೇ ಸಂಹಿತೆಯ 30ನೇ ಕಲಂ ಅಂಥ ಹೊತ್ತಿಗೆಂದೇ ಇದೆ. ಯಾವ ನಂಬರಿಗೆ ಎಷ್ಟು ಸಲ ಕರೆ ಮಾಡಿದಿರಿ, ಕಾಯುವುದು ಯಾಕೆ ಅಪಾಯವಾಗಿತ್ತು ಎಂಬುದನ್ನು ಎರಡು ಸಾಲಿನಲ್ಲಿ ಬರೆಯಿರಿ. ಸಾಧ್ಯವಿದ್ದರೆ ಇನ್ನೊಬ್ಬ ವೈದ್ಯರ ಸಹಿಯನ್ನೂ ಹಾಕಿಸಿ.

12ರಿಂದ 18ರ ನಡುವಿನವರಿಗೆ ಪೋಷಕರ ಸಹಿ ಇರಲಿ, ಮಗುವಿಗೂ ವಿವರಿಸಿ ಅದರ ಸಮ್ಮತಿಯನ್ನೂ ಬರೆಯಿರಿ. ಏಳೆಂಟು ವರ್ಷದ ಮಗುವಿಗೂ ಏನು ಮಾಡುತ್ತೇವೆಂದು ಹೇಳುವುದು ನ್ಯಾಯ.

ದಾಖಲಾಗುವಾಗ ‘ಎಲ್ಲ ಚಿಕಿತ್ಸೆಗೂ ಒಪ್ಪಿದ್ದೇನೆ’ ಎಂದು ಹಾಕಿಸಿಕೊಳ್ಳುವ ಸಹಿ ಮುಂದೆ ನಿಲ್ಲುವುದಿಲ್ಲ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ: ಏನು ಮಾಡುತ್ತೇವೆ, ಯಾಕೆ, ಬೇರೆ ದಾರಿ ಏನಿದೆ, ಮುಖ್ಯ ಅಪಾಯಗಳೇನು, ಬೇಡವೆಂದರೆ ಏನಾಗಬಹುದು ಎಂಬುದನ್ನು ತಿಳಿಸಿರಬೇಕು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಆಗುವುದಿಲ್ಲ.

ಭಾಷೆಯ ವಿಚಾರವನ್ನು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ತೋಟಗಳಲ್ಲಿ ಈಗ ಅಸ್ಸಾಂ, ಬಂಗಾಳ, ಜಾರ್ಖಂಡದ ಕುಟುಂಬಗಳಿವೆ. ಯರವ, ಜೇನುಕುರುಬ, ಮಲಯಾಳಂ, ಕೊಡವ ತಕ್ಕ್ ಆಡುವವರಿಗೆ ಕನ್ನಡದ ಮುದ್ರಿತ ನಮೂನೆ ಓದಿ ಹೇಳಿದರೂ ಅರ್ಥವಾಗದಿರಬಹುದು. ಅನುವಾದ ಮಾಡಿದವರ ಹೆಸರು, ಅವರು ಯಾರು ಎಂಬುದನ್ನು ಬರೆಯಿರಿ. ತೋಟದ ರೈಟರೋ (ಲೆಕ್ಕ ಬರೆಯುವವರು) ಮೇಸ್ತ್ರಿಯೋ ಅನುವಾದಕ್ಕೆ ನಿಂತಾಗ ತಾಯಿಯ ಪರವಾಗಿ ತಾವೇ ತೀರ್ಮಾನ ಹೇಳಿಬಿಡುವುದುಂಟು. ಆದ್ದರಿಂದ ತಾಯಿಯನ್ನೇ ಮಾತಾಡಿಸಿ. ‘ಅರ್ಥವಾಯಿತಾ’ ಎಂದರೆ ಯಾರೂ ಹೌದು ಎನ್ನುತ್ತಾರೆ. ‘ಮನೆಗೆ ಹೋಗಿ ಏನು ಮಾಡುತ್ತೀರಿ, ಹೇಳಿ’ ಎಂದು ಕೇಳಿ, ಸಿರಿಂಜಿನಲ್ಲಿ ಎಲ್ಲಿಯವರೆಗೆ ಔಷಧ ಎಳೆಯಬೇಕೆಂದು ಅವರ ಕೈಯಲ್ಲೇ ತೋರಿಸಲು ಹೇಳಿ.

ವಿರಾಜಪೇಟೆ: ಮಳೆಗಾಲದಲ್ಲಿ ರಸ್ತೆ ಮೇಲೆ ನೀರು, ಮರ ಬಿದ್ದಿರುತ್ತದೆ. ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿ ‘ಏನು ಕೊಡಲಿ’ ಎನ್ನುತ್ತಾರೆ. ಉತ್ತರಿಸದಿದ್ದರೆ ಮಗುವಿಗೆ ಕಷ್ಟ, ಉತ್ತರಿಸಿದರೆ ನನಗೆ ಕಷ್ಟ.

ಉತ್ತರಿಸಿ, ಆದರೆ ಟೈಪ್ ಮಾಡಿ ಅಲ್ಲ, ಮಾತಾಡಿ. ಸಿಗ್ನಲ್ ಇದ್ದರೆ ವಿಡಿಯೊ ಕರೆ ಮಾಡಿ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ಫೋನ್, ವಿಡಿಯೊ, ಸಂದೇಶ ಮೂರನ್ನೂ ಒಪ್ಪುತ್ತದೆ. ಮಕ್ಕಳ ವಿಷಯದಲ್ಲಿ ಜೊತೆಗೆ ವಯಸ್ಕರಿರಬೇಕು, ಅವರು ಯಾರೆಂದು ನೀವು ಖಚಿತ ಮಾಡಿಕೊಳ್ಳಬೇಕು. ತುರ್ತು ಸ್ಥಿತಿಯಾದರೆ ಫೋನಿನ ಕೆಲಸ ಪ್ರಥಮ ಚಿಕಿತ್ಸೆ ಮತ್ತು ಎಲ್ಲಿಗೆ ಹೋಗಬೇಕೆಂದು ಹೇಳುವುದಕ್ಕೆ ಮುಗಿಯಬೇಕು.

ಕೇಳುವ ಕ್ರಮ ಪ್ರತಿ ಸಲವೂ ಒಂದೇ ಇರಲಿ. ಹೆಸರು, ವಯಸ್ಸು, ಕೊನೆಯ ಸಲ ತೂಗಿದಾಗಿನ ತೂಕ, ಯಾವಾಗಿನಿಂದ, ಈಗಾಗಲೇ ಏನು ಕೊಟ್ಟಿದ್ದಾರೆ, ಯಾವ ಔಷಧ ಆಗಿಬರುವುದಿಲ್ಲ, ಕೊನೆಗೆ ಮೂತ್ರ ಮಾಡಿದ್ದು ಎಷ್ಟು ಹೊತ್ತಿಗೆ. ಉಸಿರಾಟ ನೋಡಬೇಕಾದರೆ ಅಂಗಿ ಎತ್ತಿಸಿ, ಮಗು ಅಳದೆ ಇರುವಾಗ ಪೂರ್ತಿ 60 ಸೆಕೆಂಡು ಎಣಿಸಿ. ಎರಡು ತಿಂಗಳೊಳಗಿನ ಶಿಶುವಿಗೆ ನಿಮಿಷಕ್ಕೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಹೆಚ್ಚಾದರೆ ಅದು ವೇಗದ ಉಸಿರು. ಎದೆ ಒಳಕ್ಕೆ ಸೆಳೆಯುವುದು, ಹಾಲು ಕುಡಿಯದಿರುವುದು, ಎಬ್ಬಿಸಿದರೂ ಏಳದ ಮಂಕು, ಫಿಟ್ಸ್, ಹಸಿರು ವಾಂತಿ, ಒತ್ತಿದರೂ ಮಾಯವಾಗದ ಕೆಂಪು ಚುಕ್ಕೆ, ಮೂರು ತಿಂಗಳೊಳಗಿನ ಶಿಶುವಿಗೆ 100.4 ಡಿಗ್ರಿ ಜ್ವರ: ಇವುಗಳಲ್ಲಿ ಒಂದಿದ್ದರೂ ಫೋನಿನಲ್ಲಿ ಔಷಧ ಹೇಳಿ ಬೆಳಗಿನವರೆಗೆ ತಳ್ಳುವ ಪ್ರಶ್ನೆಯೇ ಇಲ್ಲ. ಮರ ಬಿದ್ದಿದ್ದರೆ ಯಾವ ರಸ್ತೆ ತೆರೆದಿದೆ, ಹತ್ತಿರದಲ್ಲಿ ಯಾವ ಆಸ್ಪತ್ರೆಯ ಡ್ಯೂಟಿ ಡಾಕ್ಟರ್ ಇದ್ದಾರೆ, 108 ಎಲ್ಲಿಯವರೆಗೆ ಬರುತ್ತದೆ ಎಂದು ವಿಚಾರಿಸಿ ಹೇಳುವುದೂ ಆಗ ಚಿಕಿತ್ಸೆಯ ಭಾಗವೇ.

ಔಷಧ ಹೇಳುವುದಾದರೆ ‘ಪ್ಯಾರಾಸಿಟಮಾಲ್ ಕೊಡಿ’ ಎಂದು ನಿಲ್ಲಿಸಬೇಡಿ. ಮನೆಯಲ್ಲಿರುವ ಬಾಟಲಿಯ ಲೇಬಲ್‌ನ ಫೋಟೊ ತರಿಸಿಕೊಳ್ಳಿ. 10 ಕೆ.ಜಿ. ಮಗುವಿಗೆ ಕೆ.ಜಿ.ಗೆ 15 ಮಿ.ಗ್ರಾಂನಂತೆ 150 ಮಿ.ಗ್ರಾಂ ಬೇಕು. 5 ಮಿ.ಲೀ.ಗೆ 125 ಮಿ.ಗ್ರಾಂ ಇರುವ ಸಿರಪ್ ಆದರೆ ಅದು 6 ಮಿ.ಲೀ., 250 ಮಿ.ಗ್ರಾಂ ಇರುವುದಾದರೆ 3 ಮಿ.ಲೀ., ಮಿ.ಲೀ.ಗೆ 100 ಮಿ.ಗ್ರಾಂ ಇರುವ ಡ್ರಾಪ್ಸ್ ಆದರೆ ಒಂದೂವರೆ ಮಿ.ಲೀ. ನೀವು ಸಿರಪ್ ಎಂದುಕೊಂಡು ‘6 ಮಿ.ಲೀ.’ ಎಂದದ್ದನ್ನು ಅವರು ಡ್ರಾಪ್ಸ್ ಬಾಟಲಿಯಿಂದ ಕೊಟ್ಟರೆ 600 ಮಿ.ಗ್ರಾಂ ಒಳಗೆ ಹೋಗುತ್ತದೆ. ಅದು ಆ ಮಗುವಿನ ಇಡೀ ದಿನದ ಮಿತಿ, ಒಂದೇ ಗುಟುಕಿನಲ್ಲಿ.

ಕರೆ ಮುಗಿದ ಮೇಲೆ ಮೂರು ಸಾಲಿನ ಸಂದೇಶ ಹಾಕಿ: ಏನು ಕೊಡಬೇಕು ಮತ್ತು ಎಷ್ಟು ಮಿ.ಲೀ., ಏನು ಕಂಡರೆ ತಕ್ಷಣ ಹೊರಡಬೇಕು, ಇಲ್ಲದಿದ್ದರೂ ಯಾವಾಗ ತೋರಿಸಬೇಕು. ‘ಕಡಿಮೆಯಾಗದಿದ್ದರೆ ಬನ್ನಿ’ ಎಂಬ ಮಾತು ಪೋಷಕರಿಗೆ ಏನನ್ನೂ ತಿಳಿಸುವುದಿಲ್ಲ. ಸಹಿ ಮಾಡಿದ ಚೀಟಿಯ ಫೋಟೊ ಕಳಿಸಿ, ಫೋನಿನ ಸಲಹೆಗೆಂದೇ ಇಟ್ಟ ಪುಸ್ತಕದಲ್ಲಿ ಸಮಯ ಸಮೇತ ಬರೆಯಿರಿ. ಫೋನ್ ಬದಲಾಯಿಸಿದಾಗ ಹಳೆಯ ಸಂದೇಶಗಳು ಅಳಿಸಿಹೋಗದಂತೆ ನೋಡಿಕೊಳ್ಳಿ.

ಶನಿವಾರಸಂತೆ: ನಮ್ಮದು ಚಿಕ್ಕ ನರ್ಸಿಂಗ್ ಹೋಂ. ಔಷಧದ ಪ್ರಮಾಣ ತಪ್ಪದಂತೆ ಸಿಸ್ಟರ್‌ಗಳಿಗೆ ಏನು ಕಲಿಸಬೇಕು?

ಮೊದಲು ಒಂದು ತೀರ್ಪು. 1998ರ ಸ್ಪ್ರಿಂಗ್ ಮೆಡೋಸ್ ಪ್ರಕರಣದಲ್ಲಿ ಟೈಫಾಯ್ಡ್ ಆಗಿದ್ದ ಮಗುವಿಗೆ ಕ್ಲೋರಾಂಫೆನಿಕಾಲ್ ಬರೆದಿತ್ತು, ನರ್ಸ್ ರಕ್ತನಾಳಕ್ಕೆ ಕೊಟ್ಟದ್ದು ಕ್ಲೋರೋಕ್ವಿನ್. ಹೆಸರಿನ ಮೊದಲ ಅಕ್ಷರಗಳು ಒಂದೇ. ಮಗುವಿನ ಹೃದಯ ನಿಂತು ಮೆದುಳಿಗೆ ಶಾಶ್ವತ ಹಾನಿಯಾಯಿತು. ಮಗುವಿಗೆ 12.5 ಲಕ್ಷ, ಪೋಷಕರ ಮಾನಸಿಕ ಯಾತನೆಗೆ ಪ್ರತ್ಯೇಕವಾಗಿ 5 ಲಕ್ಷ ರೂಪಾಯಿ ಪರಿಹಾರವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಗ್ರಾಹಕ ಕಾನೂನಿನಡಿ ಮಗುವಿನ ಜೊತೆಗೆ ಅಪ್ಪ ಅಮ್ಮನೂ ಗ್ರಾಹಕರೇ, ನರ್ಸಿನ ತಪ್ಪಿಗೆ ಆಸ್ಪತ್ರೆಯೂ ಹೊಣೆ ಎಂಬುದು ಅಂದಿನಿಂದ ಇತ್ಯರ್ಥವಾಗಿದೆ.

ಸಿಸ್ಟರ್‌ಗೆ ಕಲಿಸುವುದಕ್ಕಿಂತ ಮುಂಚೆ ನಿಮ್ಮ ಬರವಣಿಗೆ ಸರಿಮಾಡಿ. ತೂಕವನ್ನು ಪ್ರತಿ ಭೇಟಿಯಲ್ಲೂ ತೂಗಿಯೇ ಬರೆಯಬೇಕು, ತಾಯಿ ಹೇಳಿದ ತೂಕವಾದರೆ ‘ಹೇಳಿದ್ದು’ ಎಂದು ಬರೆಯಬೇಕು. ಕೆ.ಜಿ.ಗೆ ಎಷ್ಟು ಮಿ.ಗ್ರಾಂ, ಒಟ್ಟು ಎಷ್ಟು ಮಿ.ಗ್ರಾಂ, ಅದು ಎಷ್ಟು ಮಿ.ಲೀ.: ಮೂರೂ ಚೀಟಿಯಲ್ಲಿರಲಿ. ಆಗ ಒಂದು ಅಂಕಿ ತಪ್ಪಿದರೆ ಉಳಿದೆರಡು ಅದನ್ನು ಹಿಡಿದುಕೊಡುತ್ತವೆ. ದಶಮಾಂಶದ ಮುಂದೆ ಸೊನ್ನೆ ಇರಬೇಕು (0.5), ಹಿಂದೆ ಇರಬಾರದು (5.0 ಎಂಬುದನ್ನು 50 ಎಂದು ಓದುತ್ತಾರೆ). ಹತ್ತು ಪಟ್ಟಿನ ತಪ್ಪುಗಳು ಹುಟ್ಟುವುದೇ ಈ ಚುಕ್ಕೆಯಲ್ಲಿ.

ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲನ್ನು ಡಿಸ್ಟಿಲ್ಡ್ ವಾಟರ್ ಪಕ್ಕದಲ್ಲಿ ಇಡಲೇಬೇಡಿ. ಬೇರೆ ಕಪಾಟು, ಕೆಂಪು ಪಟ್ಟಿ, ಬೀಗ. ಪೊಟ್ಯಾಸಿಯಂ, ಇನ್ಸುಲಿನ್, ಅಡ್ರಿನಾಲಿನ್, ಫಿಟ್ಸ್ ನಿಲ್ಲಿಸುವ ಇಂಜೆಕ್ಷನ್‌ಗಳನ್ನು ಇಬ್ಬರು ಬೇರೆಬೇರೆಯಾಗಿ ಲೆಕ್ಕ ಹಾಕಿ, ಉತ್ತರ ಹೊಂದಿದರೆ ಮಾತ್ರ ಕೊಡಬೇಕು. ಒಬ್ಬರು ಲೆಕ್ಕ ಹಾಕಿ ಇನ್ನೊಬ್ಬರು ‘ಸರಿ’ ಎನ್ನುವುದು ತಪಾಸಣೆಯಲ್ಲ. ನವಜಾತ ಶಿಶುವಿಗೆ ಸೆಫ್ಟ್ರಿಯಾಕ್ಸೋನ್ ಮತ್ತು ಕ್ಯಾಲ್ಸಿಯಂ ಇರುವ ದ್ರವ ಎರಡೂ ಕೂಡದು ಎಂಬ ಚೀಟಿ ಔಷಧ ಬೆರೆಸುವ ಮೇಜಿನ ಮೇಲೇ ಅಂಟಿರಲಿ. ಫೋನಿನಲ್ಲಿ ಆದೇಶ ಕೊಟ್ಟರೆ ಸಿಸ್ಟರ್ ಬರೆದುಕೊಂಡು ಓದಿ ಹೇಳಬೇಕು, ನೀವು ಬಂದ ಕೂಡಲೇ ಸಹಿ ಹಾಕಬೇಕು.

ಕೆಮ್ಮಿನ ಸಿರಪ್ ಬಗ್ಗೆಯೂ ಒಂದು ಮಾತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರದಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಸಿರಪ್ ಕುಡಿದು ಮಕ್ಕಳು ಸತ್ತಾಗ, ಅದನ್ನು ಬರೆದುಕೊಟ್ಟ ವೈದ್ಯರೊಬ್ಬರ ಬಂಧನವೂ ಆಯಿತು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು–ಶೀತದ ಔಷಧ ಬರೆಯಬಾರದು, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಶಿಫಾರಸು ಇಲ್ಲ ಎಂದು ಆ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ತಿಳಿಸಿತು. ಪೋಷಕರು ಕೇಳಿದರೆಂದು ಬರೆದೆ ಎಂಬುದು ಉತ್ತರವಾಗುವುದಿಲ್ಲ. 12 ವರ್ಷದೊಳಗಿನವರಿಗೆ ನಿಮೆಸುಲೈಡ್ 2011ರಿಂದಲೇ ನಿಷಿದ್ಧ. ಹಳೆಯ ಸ್ಟಾಕ್ ಕಪಾಟಿನಲ್ಲಿದ್ದರೆ ಇಂದೇ ತೆಗೆಯಿರಿ.

ಮಡಿಕೇರಿ: 30 ವಾರಕ್ಕೆ ಹುಟ್ಟಿದ ಶಿಶುವನ್ನು ಚೆನ್ನಾಗಿ ನೋಡಿಕೊಂಡು ಮನೆಗೆ ಕಳಿಸುತ್ತೇವೆ. ಕಣ್ಣಿನ ರೆಟಿನಾ ನೋಡುವ ತಜ್ಞರು ನಮ್ಮಲ್ಲಿಲ್ಲ. ನಮ್ಮ ಹೊಣೆ ಡಿಸ್ಚಾರ್ಜ್‌ಗೆ ಮುಗಿಯಿತೇ?

ಮುಗಿಯಲಿಲ್ಲ. 1996ರಲ್ಲಿ ಚೆನ್ನೈನ ಎಗ್ಮೋರ್‌ನ ಸರ್ಕಾರಿ ಆಸ್ಪತ್ರೆಯಲ್ಲಿ 29ನೇ ವಾರಕ್ಕೆ 1,250 ಗ್ರಾಂ ತೂಕದ ಹೆಣ್ಣು ಮಗು ಹುಟ್ಟಿತು. ಬದುಕಿ ಮನೆಗೂ ಹೋಯಿತು. ಅವಧಿಪೂರ್ವ ಶಿಶುಗಳ ರೆಟಿನಾ ಕಾಯಿಲೆಗೆ ಕಣ್ಣು ಪರೀಕ್ಷಿಸಬೇಕೆಂದು ಯಾರೂ ಹೇಳಲಿಲ್ಲ, ಮಗು ಕುರುಡಾಯಿತು. 2015ರಲ್ಲಿ ವಿ. ಕೃಷ್ಣಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಪರಿಹಾರ ಸುಮಾರು 1.8 ಕೋಟಿ ರೂಪಾಯಿ. 2019ರಲ್ಲಿ ಮಹಾರಾಜ ಅಗ್ರಸೇನ್ ಆಸ್ಪತ್ರೆಯ ಪ್ರಕರಣದಲ್ಲೂ ಇದೇ ಕಾಯಿಲೆ, 76 ಲಕ್ಷ ರೂಪಾಯಿ. ಎರಡರಲ್ಲೂ ಸಕಾಲಕ್ಕೆ ಒಂದು ಕಣ್ಣಿನ ಪರೀಕ್ಷೆ ನಡೆದಿದ್ದರೆ ದೃಷ್ಟಿ ಉಳಿಸುವ ಅವಕಾಶವಿತ್ತು ಎಂಬುದು ಮನಸ್ಸಿಗೆ ನೋವು ಕೊಡುವ ಸಂಗತಿ.

34 ವಾರಕ್ಕೆ ಮುಂಚೆ ಹುಟ್ಟಿದ ಅಥವಾ 2,000 ಗ್ರಾಂಗಿಂತ ಕಡಿಮೆ ತೂಕದ ಪ್ರತಿ ಶಿಶುವಿಗೂ ಹುಟ್ಟಿದ ನಾಲ್ಕು ವಾರಕ್ಕೆ ಮೊದಲ ಪರೀಕ್ಷೆ ಆಗಬೇಕು. 28 ವಾರಕ್ಕೂ ಮುಂಚೆ ಅಥವಾ 1,200 ಗ್ರಾಂಗಿಂತ ಕಡಿಮೆಯಾದರೆ ಎರಡು–ಮೂರನೇ ವಾರಕ್ಕೇ. 34ರಿಂದ 36 ವಾರದವರಲ್ಲೂ ಆಮ್ಲಜನಕ, ಸೋಂಕು, ರಕ್ತ ಕೊಟ್ಟದ್ದು ಮುಂತಾದ ಕಾರಣಗಳಿದ್ದರೆ ಮಾಡಿಸಬೇಕು. ಚಿಕಿತ್ಸೆ ಬೇಕೆಂದು ಗೊತ್ತಾದರೆ ಎರಡು–ಮೂರು ದಿನದೊಳಗೆ ಆಗಬೇಕು, ಮುಂದಿನ ವಾರ ಎಂದರೆ ತಡ.

ಜೂನ್ 10ಕ್ಕೆ ಹುಟ್ಟಿದ ಮಗುವಾದರೆ ಕಾರ್ಡಿನ ಮೇಲೆ ‘4 ವಾರಕ್ಕೆ ಕಣ್ಣು ತೋರಿಸಿ’ ಎಂದು ಬರೆಯಬೇಡಿ. ‘ಜುಲೈ 8ರೊಳಗೆ’ ಎಂದು, ಯಾವ ಆಸ್ಪತ್ರೆ, ಯಾವ ದಿನ, ಎಷ್ಟು ಗಂಟೆ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ, ‘ಪರೀಕ್ಷೆ ಆಗದಿದ್ದರೆ ದೃಷ್ಟಿ ಹೋಗಬಹುದು’ ಎಂಬ ಮಾತನ್ನೂ ಸೇರಿಸಿ. ಅಪಾಯಿಂಟ್‌ಮೆಂಟ್ ನೀವೇ ಮಾಡಿಕೊಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಮಗುವಿನ ಕೇಸ್ ನಂಬರ್ ಗುರುತಿಸಿ, ಮರುದಿನ ಸಿಸ್ಟರ್ ಫೋನ್ ಮಾಡಿ ‘ಹೋದಿರಾ’ ಎಂದು ಕೇಳಲಿ. ಬಿರುನಾಣಿಯ ಕಡೆಯಿಂದ ಮೈಸೂರಿಗೆ ಎಳೆ ಕೂಸನ್ನು ಮಳೆಯಲ್ಲಿ ಒಯ್ಯುವುದು ಸುಲಭವಲ್ಲ. ಹೋಗಲಿಲ್ಲವೆಂದರೆ ಆಶಾ ಕಾರ್ಯಕರ್ತೆಯ ಮೂಲಕ ಮತ್ತೆ ಹೇಳಿಸಿ, ಹೇಳಿಸಿದ್ದನ್ನು ಬರೆಯಿರಿ. ಶ್ರವಣ ಪರೀಕ್ಷೆಗೂ ಇದೇ ಕ್ರಮ.

ನಾಪೋಕ್ಲು: ‘ಮೈಸೂರಿಗೆ ಕರೆದೊಯ್ಯಿರಿ’ ಎಂದು ಹೇಳಿದ್ದೆ, ಅವರು ಹೋಗಲಿಲ್ಲ. ಎರಡು ದಿನದ ಮೇಲೆ ಮಗು ಗಂಭೀರವಾಯಿತು. ಈಗ ‘ಡಾಕ್ಟ್ರು ಹೇಳಲೇ ಇಲ್ಲ’ ಎನ್ನುತ್ತಿದ್ದಾರೆ.

ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಒಪಿಡಿ ಚೀಟಿಯಲ್ಲಿ ಬರೆದಿದ್ದರೆ, ಬರೆದದ್ದರ ಪ್ರತಿ ನಿಮ್ಮಲ್ಲಿದ್ದರೆ ಮಾತ್ರ ನಿಲ್ಲುತ್ತದೆ. ಇನ್ನು ಮುಂದೆ ರೆಫರಲ್ ಪತ್ರ ಎರಡು ಪ್ರತಿಯಲ್ಲಿರಲಿ, ನಿಮ್ಮ ಪ್ರತಿಯ ಮೇಲೆ ಪೋಷಕರ ಸಹಿ ಮತ್ತು ಸಮಯ ಇರಲಿ. ಪತ್ರದಲ್ಲಿ ಅನುಮಾನವಿರುವ ಕಾಯಿಲೆ, ಹೊರಡುವಾಗಿನ ಉಸಿರಾಟ, ನಾಡಿ, ಆಮ್ಲಜನಕದ ಪ್ರಮಾಣ, ಸಕ್ಕರೆ, ಕೊಟ್ಟ ಔಷಧ ಮತ್ತು ಕೊಟ್ಟ ಗಂಟೆ, ಯಾಕೆ ಕಳಿಸುತ್ತಿದ್ದೀರಿ, ಆ ಕಡೆ ಯಾರೊಂದಿಗೆ ಮಾತಾಡಿದಿರಿ ಎಂಬುದು ಬೇಕು. ಹಾಸಿಗೆ ಇದೆಯೇ ಎಂದು ಕೇಳದೆ ಕಳಿಸಿದರೆ ಮಗು ಮೂರು ಆಸ್ಪತ್ರೆಯ ಬಾಗಿಲು ಸುತ್ತುತ್ತದೆ.

ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಮಳೆಯಲ್ಲಿ ಮೂರು ಗಂಟೆ ಹಿಡಿಯಬಹುದು. ನಿಮಿಷಕ್ಕೆ 2 ಲೀಟರ್ ಆಮ್ಲಜನಕ ಬೇಕಿರುವ ಮಗುವಿಗೆ ಮೂರು ಗಂಟೆಗೆ 360 ಲೀಟರ್ ಬೇಕು. ಅದರ ಎರಡು ಪಟ್ಟು ಇದೆಯೇ ಎಂದು ಆಂಬುಲೆನ್ಸ್ ಸಿಲಿಂಡರಿನ ಮೀಟರ್ ನೋಡಿ ಕಳಿಸಿ. 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಸಂಪಾಜೆ ಘಾಟಿ ಮುಚ್ಚಿದಾಗ ಮಂಗಳೂರಿನ ದಾರಿಯೇ ಇರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡಿಸುವ ಮುಂಚೆ ರಸ್ತೆಯ ಸ್ಥಿತಿ ವಿಚಾರಿಸಿದ್ದನ್ನೂ ಬರೆಯಿರಿ. ಹೊರಡುವ ಮುಂಚೆ ಸಕ್ಕರೆ ನೋಡುವುದು, ಮಗುವನ್ನು ಬೆಚ್ಚಗಿಡುವುದು, ಮೆದುಳು ಜ್ವರದ ಅನುಮಾನವಿದ್ದರೆ ಮೊದಲ ಆ್ಯಂಟಿಬಯಾಟಿಕ್ ಇಲ್ಲೇ ಕೊಡುವುದು ನಿಮ್ಮ ಕೆಲಸ. ಅದನ್ನು ಮೈಸೂರಿಗೆ ಬಿಟ್ಟರೆ ಮೂರು ಗಂಟೆ ಕಳೆದುಹೋಗುತ್ತದೆ.

ಪೋಷಕರು ಒಪ್ಪದಿದ್ದರೆ ‘ನಮ್ಮ ಇಷ್ಟದಂತೆ ಹೋಗುತ್ತಿದ್ದೇವೆ’ ಎಂಬ ಅಚ್ಚಿನ ಸಾಲು ಸಾಲದು. ‘ನ್ಯುಮೋನಿಯಾ ಇದೆ, ಆಮ್ಲಜನಕ ಇಲ್ಲದೆ ಸಾವು ಸಂಭವಿಸಬಹುದು ಎಂದು ತಿಳಿಸಲಾಗಿದೆ’ ಎಂಬಂತೆ ಆ ಮಗುವಿನ ಅಪಾಯವನ್ನೇ ಬರೆಯಿರಿ, ಸಾಕ್ಷಿ ಸಹಿ ಹಾಕಿಸಿ. ಯಾಕೆ ಒಪ್ಪುತ್ತಿಲ್ಲ ಎಂದೂ ಕೇಳಿ. ಎಷ್ಟೋ ಸಲ ಆಂಬುಲೆನ್ಸ್ ಬಾಡಿಗೆಯೋ, ಮನೆಯಲ್ಲಿ ಉಳಿದ ಇನ್ನೊಂದು ಮಗುವೋ ಕಾರಣವಾಗಿರುತ್ತದೆ. 108 ಕರೆಸಿದರೆ ಅರ್ಧ ಬಗೆಹರಿಯುತ್ತದೆ. ಜೀವಕ್ಕೆ ಅಪಾಯವಿದ್ದೂ ಹಟ ಹಿಡಿದರೆ ಪೊಲೀಸರಿಗೆ ಮತ್ತು ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ಇಷ್ಟಾದರೂ ಮನೆಗೆ ಹೊರಟರೆ ಇರುವುದರಲ್ಲೇ ಒಳ್ಳೆಯ ಔಷಧ ಕೊಟ್ಟು, ನಾಳೆ ಬೆಳಿಗ್ಗೆ ಬನ್ನಿ ಎಂದು ಬಾಗಿಲು ತೆರೆದಿಡಿ.

ಸಿದ್ದಾಪುರ: ಸಂತೆಯ ದಿನ ವಿಪರೀತ ನೂಕುನುಗ್ಗಲು. ಯಾವ ಕಾಯಿಲೆ ಕೈತಪ್ಪುವ ಸಂಭವ ಹೆಚ್ಚು?

ಹೊಟ್ಟೆನೋವೆಂದು ಬಂದ ಹುಡುಗನ ಚಡ್ಡಿ ಬಿಚ್ಚಿಸದೆ ಕಳಿಸುವುದು ಮೊದಲನೆಯದು. ವೃಷಣ ತಿರುಚಿಕೊಂಡಿದ್ದರೆ ಉಳಿಸಲು ಸುಮಾರು ಆರು ಗಂಟೆ ಸಿಗುತ್ತದೆ, ಅಷ್ಟೆ. ನಾಚಿಕೆಯಿಂದ ಹುಡುಗ ಹೇಳುವುದಿಲ್ಲ, ನೀವೇ ನೋಡಬೇಕು. ನವಜಾತ ಶಿಶುವಿನ ಹಸಿರು ವಾಂತಿ ಬೇರೇನೆಂದು ಖಚಿತವಾಗುವವರೆಗೂ ಕರುಳು ತಿರುಚಿದ್ದೇ. ‘ವೈರಲ್ ಜ್ವರ’ದ ನಡುವೆ ಮೆದುಳು ಜ್ವರ, ಭೇದಿಯ ನಡುವೆ ಅಪೆಂಡಿಕ್ಸ್ ಅಡಗಿರುತ್ತವೆ. ಮಂಕು ಇಲ್ಲ, ಕತ್ತು ಬಿಗಿದಿಲ್ಲ, ಹೊಟ್ಟೆ ಮೆತ್ತಗಿದೆ, ವೃಷಣ ಸರಿಯಿವೆ ಎಂಬ ‘ಇಲ್ಲ’ಗಳನ್ನು ಬರೆಯುವ ಅಭ್ಯಾಸ ಮಾಡಿಕೊಳ್ಳಿ. ನೀವು ಹುಡುಕಿದಿರಿ ಎಂಬುದಕ್ಕೆ ಸಾಕ್ಷಿ ಅದೇ. ಅದೇ ದೂರಿಗೆ ಮಗು ಮೂರನೇ ಸಲ ಬಂದರೆ ಹಿಂದಿನ ಚೀಟಿ ಮಡಚಿಟ್ಟು ಮೊದಲಿನಿಂದ ಪರೀಕ್ಷಿಸಿ, ಇಲ್ಲವೇ ಬೇರೆ ವೈದ್ಯರಿಗೆ ತೋರಿಸಿ. ‘ನಮ್ಮ ಮಗು ಎಂದಿನಂತಿಲ್ಲ’ ಎಂದು ತಾಯಿ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ, ಹಗುರವಾಗಿ ತೆಗೆದುಕೊಳ್ಳಬೇಡಿ.

ಸೋಮವಾರಪೇಟೆಯ ತಾಯಿ: ಮಗನ ಕೇಸ್ ಶೀಟಿನ ಪ್ರತಿ ಕೇಳಿದರೆ ‘ಕೋರ್ಟಿಗೆ ಹೋಗುತ್ತೀರಾ’ ಎಂದರು. ಕೇಳುವ ಹಕ್ಕು ನನಗಿದೆಯೇ? — ಕುಶಾಲನಗರದ ವೈದ್ಯರು: ದಾಖಲೆ ಎಷ್ಟು ವರ್ಷ ಇಡಬೇಕು?

ಎರಡಕ್ಕೂ ಒಟ್ಟಿಗೆ ಉತ್ತರ. ಅಮ್ಮಾ, ಹಕ್ಕಿದೆ. ಬರಹದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 2002ರ ವೈದ್ಯಕೀಯ ಮಂಡಳಿಯ ನಿಯಮಾವಳಿಯಂತೆ 72 ಗಂಟೆಯೊಳಗೆ ಕೊಡಬೇಕು. ಕಾರಣ ಹೇಳಬೇಕಾಗಿಲ್ಲ. ವೈದ್ಯರೇ, ಕೊಡದೆ ಸತಾಯಿಸಿದರೆ ಬಚ್ಚಿಡುವುದಕ್ಕೆ ಏನೋ ಇದೆ ಎಂಬ ಅನುಮಾನವನ್ನು ನೀವೇ ಹುಟ್ಟಿಸಿದಂತೆ. ಪ್ರತಿ ಕೊಡಿ, ಮೂಲ ನಿಮ್ಮಲ್ಲೇ ಇರಲಿ.

ಅದೇ ನಿಯಮಾವಳಿ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದಂದಿನಿಂದ ಮೂರು ವರ್ಷ ಇಡಲು ಹೇಳುತ್ತದೆ. ಮಕ್ಕಳ ವಿಷಯದಲ್ಲಿ ಅಷ್ಟು ಸಾಲದು. ಗ್ರಾಹಕ ದೂರಿಗೆ ಎರಡು ವರ್ಷದ ಅವಧಿ ಇದೆ, ಸಕಾರಣವಿದ್ದರೆ ಆಯೋಗ ತಡವನ್ನು ಮನ್ನಿಸಬಹುದು. ಸಿವಿಲ್ ದಾವೆಗೆ 1963ರ ಕಾಲಮಿತಿ ಕಾಯ್ದೆಯ 6 ಮತ್ತು 8ನೇ ಕಲಂಗಳಂತೆ ಅಪ್ರಾಪ್ತರ ಅವಧಿ 18 ತುಂಬಿದ ಮೇಲೂ ಮೂರು ವರ್ಷದವರೆಗೆ ವಿಸ್ತರಿಸಬಹುದು. ಆದ್ದರಿಂದ ಮಗುವಿಗೆ 21 ತುಂಬುವವರೆಗೆ ಇಡಿ. ಹೆರಿಗೆ ಮತ್ತು ನವಜಾತ ಶಿಶುಗಳ ದಾಖಲೆ ಇದರಲ್ಲಿ ಮೊದಲು ಬರಬೇಕು. ಪೊಲೀಸ್ ಪ್ರಕರಣದ್ದಾದರೆ ಪ್ರಕರಣ ಮುಗಿಯುವವರೆಗೂ ಇಡಿ.

ಕೊಡಗಿನ ಮಳೆಗೆ ಕಾಗದ ಬೂಸ್ಟು ಹಿಡಿಯುತ್ತದೆ, ಥರ್ಮಲ್ ಕಾಗದದ ಇಸಿಜಿ, ಬಿಲ್ಲುಗಳು ಕಾಲಕ್ರಮೇಣ ಅಳಿಸಿಹೋಗುತ್ತವೆ. ಅವುಗಳ ಫೋಟೊಕಾಪಿ ಅಂದೇ ಮಾಡಿ. ಬಾಲ್‌ಪೆನ್ ಬಳಸಿ, ನೆಲಕ್ಕೂ ಗೋಡೆಗೂ ತಾಗದ ಕಬ್ಬಿಣದ ಕಪಾಟಿನಲ್ಲಿಡಿ. ಸ್ಕ್ಯಾನ್ ಪ್ರತಿ ಎರಡು ಕಡೆ ಇರಲಿ, ಒಂದು ಕಟ್ಟಡದ ಹೊರಗೆ.

ಪೊನ್ನಂಪೇಟೆ: ಮಗು ತೀರಿಕೊಂಡು ಜನ ಸೇರಿದಾಗ, ಆಮೇಲೆ ನೋಟಿಸ್ ಬಂದಾಗ ಮೊದಲು ಏನು ಮಾಡಬೇಕು?

ಮೊದಲು ಪೋಷಕರ ಜೊತೆ ಕುಳಿತುಕೊಳ್ಳಿ. ಹಿರಿಯ ವೈದ್ಯರೇ, ಬಾಗಿಲು ಮುಚ್ಚಿದ ಕೋಣೆಯಲ್ಲಿ, ಫೋನ್ ಬದಿಗಿಟ್ಟು. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಿ. ಗೊತ್ತಿಲ್ಲದ ಕಾರಣವನ್ನು ಊಹಿಸಬೇಡಿ, ಇನ್ನೊಬ್ಬ ವೈದ್ಯರ ಮೇಲೆ ಹಾಕಬೇಡಿ. ‘ನಿಮ್ಮ ಮಗುವನ್ನು ಉಳಿಸಲು ಆಗಲಿಲ್ಲ, ನಮಗೂ ಬಹಳ ದುಃಖವಾಗಿದೆ’ ಎನ್ನುವುದು ತಪ್ಪೊಪ್ಪಿಗೆಯಲ್ಲ. ಮಾತು ತಪ್ಪಿಸಿ ಹಿಂಬಾಗಿಲಿನಿಂದ ಹೋದ ವೈದ್ಯರ ಮೇಲೆ ಸಿಟ್ಟು ಇಮ್ಮಡಿಯಾಗುತ್ತದೆ. ಕಾರಣ ಸ್ಪಷ್ಟವಿಲ್ಲದಿದ್ದರೆ ಮರಣೋತ್ತರ ಪರೀಕ್ಷೆ ಸೂಚಿಸಿ, ಬೇಡವೆಂದರೆ ಅದನ್ನೂ ಬರೆಸಿಕೊಳ್ಳಿ. ಬಳಸಿದ ವಯಲ್, ಸಿರಿಂಜ್, ಡ್ರಿಪ್ ಸೆಟ್ಟನ್ನು ಬ್ಯಾಚ್ ನಂಬರ್ ಸಮೇತ ಮುಚ್ಚಿ ಮೊಹರು ಮಾಡಿ. ಕೇಸ್ ಶೀಟಿನ ಪೂರ್ತಿ ಪ್ರತಿ ಆಗಲೇ ತೆಗೆಯಿರಿ.

ಆ ಮೇಲೆ ಒಂದಕ್ಷರವನ್ನೂ ತಿದ್ದಬೇಡಿ. ಬರೆಯಲು ಬಿಟ್ಟುಹೋಗಿದ್ದರೆ ‘ತಡವಾಗಿ ಬರೆದದ್ದು’ ಎಂದು ಈಗಿನ ದಿನಾಂಕ, ಸಮಯ, ಸಹಿಯೊಂದಿಗೆ ಕೊನೆಯಲ್ಲಿ ಸೇರಿಸಿ. ಸಾಮಾನ್ಯ ದಿನಗಳಲ್ಲೂ ತಪ್ಪು ತಿದ್ದಬೇಕಾದರೆ ಓದಲು ಬರುವಂತೆ ಒಂದೇ ಗೆರೆ ಎಳೆದು ಸಹಿ ಹಾಕಬೇಕು. ವೈಟ್ನರ್ ಹಚ್ಚಿದ ಒಂದು ಪುಟ ಸರಿಯಾಗಿ ಕೊಟ್ಟ ಚಿಕಿತ್ಸೆಯನ್ನೂ ಸೋಲಿಸುತ್ತದೆ.

ಗ್ರಾಹಕ ಆಯೋಗದ ನೋಟಿಸ್ ದೂರಿನ ಪ್ರತಿಯೊಂದಿಗೆ ಕೈಸೇರಿದ ದಿನದಿಂದ 30 ದಿನದೊಳಗೆ ಉತ್ತರ ಸಲ್ಲಿಸಬೇಕು. ಆಯೋಗ ಹೆಚ್ಚೆಂದರೆ 15 ದಿನ ಕೊಡಬಹುದು. 45 ದಿನ ದಾಟಿದರೆ ವಿಸ್ತರಿಸುವ ಅಧಿಕಾರ ಆಯೋಗಕ್ಕಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಲಕೋಟೆಯನ್ನೂ ಬಿಸಾಡಬೇಡಿ, ಕೈಸೇರಿದ ದಿನಾಂಕ ಅದರ ಮೇಲಿರುತ್ತದೆ. ಅಂದೇ ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ. ಅವರಿಗೆ ಹೇಳದೆ ರಾಜಿ ಮಾಡಿಕೊಂಡರೆ ವಿಮೆ ಕೈಕೊಡುತ್ತದೆ.

ಕ್ರಿಮಿನಲ್ ದೂರಾದರೆ ಭಾರತೀಯ ನ್ಯಾಯ ಸಂಹಿತೆಯ 106(1) ಅನ್ವಯಿಸುತ್ತದೆ. ವೈದ್ಯಕೀಯ ವಿಧಾನ ನಡೆಸುವಾಗ ನೋಂದಾಯಿತ ವೈದ್ಯರಿಂದ ನಿರ್ಲಕ್ಷ್ಯದ ಸಾವಾದರೆ ಎರಡು ವರ್ಷದವರೆಗೆ ಸೆರೆ ಮತ್ತು ದಂಡ. ಆದರೆ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಂತೆ ಅಪರಾಧವಾಗಲು ಘೋರ ನಿರ್ಲಕ್ಷ್ಯವೇ ಇರಬೇಕು, ತನಿಖಾಧಿಕಾರಿ ಅದೇ ವಿಷಯ ಬಲ್ಲ ಸ್ವತಂತ್ರ ವೈದ್ಯರ ಅಭಿಪ್ರಾಯ ಪಡೆಯಬೇಕು, ದೂರು ಬಂತೆಂದು ಸುಮ್ಮನೆ ಬಂಧಿಸಬಾರದು. ಠಾಣೆಗೆ ಹೋಗುವಾಗ ಆ ತೀರ್ಪಿನ ಪ್ರತಿ ವಕೀಲರ ಕೈಯಲ್ಲಿರಲಿ.

ಮೂರ್ನಾಡು: 16 ವರ್ಷದ ಗರ್ಭಿಣಿಯನ್ನು ಮನೆಯವರು ಕರೆತಂದು ‘ಯಾರಿಗೂ ಹೇಳಬೇಡಿ’ ಎಂದರೆ?

ಮದುವೆಯಾಗಿದೆ ಎಂದರೂ 18ರೊಳಗಿನವರೆಲ್ಲ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆಯಡಿ ಮಕ್ಕಳೇ. 19ನೇ ಕಲಂನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿಸದಿದ್ದರೆ 21ನೇ ಕಲಂನಂತೆ ಆರು ತಿಂಗಳವರೆಗೆ ಸೆರೆ, ದಂಡ ಅಥವಾ ಎರಡೂ. ಮೊದಲು ಚಿಕಿತ್ಸೆ ಶುರುಮಾಡಿ. ಎಫ್‌ಐಆರ್ ಆಗಿಲ್ಲವೆಂದು ಕಾಯಬೇಡಿ, ಪೊಲೀಸ್ ಪತ್ರ ಕೇಳಬೇಡಿ. ಪರೀಕ್ಷೆಯನ್ನು ಮಹಿಳಾ ವೈದ್ಯರೇ, ಹುಡುಗಿಗೆ ನಂಬಿಕೆಯಿರುವವರ ಎದುರಲ್ಲಿ ಮಾಡಬೇಕು. ಗರ್ಭಪಾತಕ್ಕೆಂದು ಬಂದಾಗ ಹುಡುಗಿ ಮತ್ತು ಪೋಷಕರು ಕೋರಿದರೆ ವರದಿಯಲ್ಲಿ ಅವಳ ಗುರುತು ಬರೆಯಬೇಕಾಗಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅವಳ ಹೆಸರು ನಿಮ್ಮ ಸಿಬ್ಬಂದಿಯ ಬಾಯಲ್ಲಿ ಊರಿಗೆ ಹರಡದಂತೆ ನೋಡಿಕೊಳ್ಳುವುದೂ ನಿಮ್ಮ ಹೊಣೆ.

ಭಾಗಮಂಡಲ: ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಇರುವುದಿಲ್ಲ. ಲಸಿಕೆಯ ವಿಚಾರದಲ್ಲಿ ಏನು ಎಚ್ಚರ?

2ರಿಂದ 8 ಡಿಗ್ರಿಯ ನಡುವೆ ಇರಬೇಕು, ದಿನಕ್ಕೆ ಎರಡು ಸಲ ಬರೆದಿಡಬೇಕು ಎಂಬುದು ನಿಮಗೆ ಗೊತ್ತಿದೆ. ಬೆಟ್ಟದ ಚಳಿಯಲ್ಲಿ ಕಾವಿನಷ್ಟೇ ಹೆಪ್ಪುಗಟ್ಟುವಿಕೆಯನ್ನೂ ನೆನಪಿಡಿ. ಗಾಬರಿಯಿಂದ ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕ್ ಪಕ್ಕದಲ್ಲೇ ಡಿಪಿಟಿ, ಹೆಪಟೈಟಿಸ್ ಬಿ, ನ್ಯುಮೊಕಾಕಲ್ ಲಸಿಕೆ ಇಟ್ಟರೆ ಅವು ಹೆಪ್ಪುಗಟ್ಟಿ ಸತ್ವ ಕಳೆದುಕೊಳ್ಳುತ್ತವೆ, ನೋಡಿದರೆ ಗೊತ್ತಾಗುವುದಿಲ್ಲ. ಐಸ್‌ಪ್ಯಾಕನ್ನು ಹೊರಗಿಟ್ಟು, ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಬಂದ ಮೇಲೆಯೇ ಬಳಸಿ. ಕರೆಂಟು ಹೋದಾಗ ಬಾಗಿಲು ತೆರೆಯಬೇಡಿ. ಹೋದ ಗಂಟೆ, ಬಂದ ಗಂಟೆ, ಆಗಿನ ಉಷ್ಣಾಂಶ ಬರೆಯಿರಿ, 8 ಡಿಗ್ರಿ ದಾಟುವ ಮುಂಚೆಯೇ ಹತ್ತಿರದ ಆರೋಗ್ಯ ಕೇಂದ್ರದ ಐಎಲ್‌ಆರ್‌ಗೆ (ಲಸಿಕೆ ಇಡುವ ವಿಶೇಷ ಫ್ರಿಜ್) ಸಾಗಿಸಿ. ಅನುಮಾನದ ವಯಲ್ ಬಳಸಬೇಡಿ.

ಚುಚ್ಚಿದ ಮೇಲೆ 30 ನಿಮಿಷ ಕೂರಿಸುವುದನ್ನು ‘ಬಸ್ ಹೋಗುತ್ತದೆ’ ಎಂದರೂ ಬಿಡಬೇಡಿ. ತೀವ್ರ ಅಲರ್ಜಿಯಾದರೆ ಅಡ್ರಿನಾಲಿನ್ (1 ಮಿ.ಲೀ.ಗೆ 1 ಮಿ.ಗ್ರಾಂ) ಕೆ.ಜಿ.ಗೆ 0.01 ಮಿ.ಲೀ.ನಂತೆ ತೊಡೆಯ ಹೊರಭಾಗದ ಸ್ನಾಯುವಿಗೆ. 10 ಕೆ.ಜಿ.ಗೆ 0.1 ಮಿ.ಲೀ., ಅಂದರೆ 40 ಯೂನಿಟ್ ಇನ್ಸುಲಿನ್ ಸಿರಿಂಜಿನಲ್ಲಿ 4 ಯೂನಿಟ್. ಸೂಜಿ ಅಂಟಿಸಿರುವ ಸಿರಿಂಜ್ ಬೇಡ, ಅದರ ಸೂಜಿ ಸ್ನಾಯುವಿಗೆ ಮುಟ್ಟುವುದಿಲ್ಲ. ಒಂದು ಇಂಚಿನ ಸೂಜಿ ಬೇರೆ ಹಾಕಿ. 100 ಯೂನಿಟ್ ಸಿರಿಂಜ್ ಆ ಪೆಟ್ಟಿಗೆಯಲ್ಲಿ ಬೆರೆಯದಂತೆ ನೋಡಿ. ಗಂಭೀರ ಅಡ್ಡಪರಿಣಾಮವಾದರೆ 24 ಗಂಟೆಯೊಳಗೆ ಜಿಲ್ಲಾ ಲಸಿಕಾ ಅಧಿಕಾರಿಗೆ ವರದಿ ಹೋಗಬೇಕು, ಖಾಸಗಿ ಕ್ಲಿನಿಕ್ಕಾದರೂ.

ಮಡಿಕೇರಿ: ವೃತ್ತಿ ವಿಮೆ ಇದೆ. ನಿವೃತ್ತಿಯಾದ ಮೇಲೆ ನಿಲ್ಲಿಸಬಹುದೇ?

ಮಕ್ಕಳ ವೈದ್ಯರು ನಿಲ್ಲಿಸಲೇಬಾರದು. ಈ ಪಾಲಿಸಿಗಳು ಸಾಮಾನ್ಯವಾಗಿ ಚಿಕಿತ್ಸೆ ಕೊಟ್ಟ ವರ್ಷಕ್ಕಲ್ಲ, ದಾವೆ ಬಂದ ವರ್ಷಕ್ಕೆ ಅನ್ವಯಿಸುತ್ತವೆ. ನಡುವೆ ಒಂದು ವರ್ಷ ನವೀಕರಣ ತಪ್ಪಿದರೆ ಹಿಂದಿನ ವರ್ಷಗಳ ರಕ್ಷಣೆಯೂ ಹೋಗಬಹುದು. ಕಂಪನಿ ಬದಲಾಯಿಸುವಾಗ ಹಿಂದಿನ ಆರಂಭದ ದಿನಾಂಕವನ್ನೇ ಹೊಸ ಪಾಲಿಸಿಯಲ್ಲಿ ಬರೆಸಿಕೊಳ್ಳಿ. ನಿವೃತ್ತಿಯ ನಂತರದ ದಾವೆಗಳಿಗೆ ವಿಸ್ತರಿತ ಅವಧಿ ಸಿಗುತ್ತದೆಯೇ ಎಂದು ಈಗಲೇ ಬರಹದಲ್ಲಿ ಕೇಳಿ. ಆಸ್ಪತ್ರೆಯ ಪಾಲಿಸಿ ನಿಮ್ಮನ್ನು, ನಿಮ್ಮ ಪಾಲಿಸಿ ಆಸ್ಪತ್ರೆಯನ್ನು ಕಾಯುವುದಿಲ್ಲ, ಎರಡೂ ಬೇಕು. ನೋಂದಣಿಯಿಲ್ಲದ ಸಿಬ್ಬಂದಿ ಮಾಡಿದ ತಪ್ಪಿಗೆ ಮತ್ತು ಕೋರ್ಟ್ ಹಾಕಿದ ದಂಡಕ್ಕೆ ಯಾವ ಪಾಲಿಸಿಯಿಂದಲೂ ಹಣ ನಿರೀಕ್ಷಿಸಬೇಡಿ.